ಎಂಟು ವಾರದ ಕಾಲು

“ಮೂರೂ ಬಿಟ್ಟಾಕಿ, ಎಂಟು ವಾರ ಪುಕ್ಕಟ ತಿಂದು ಮತ್ತ ಬಂದಾಳ ನೋಡು.” ಗುಮಾಸ್ತ ಉದಯಕುಮಾರ ಪಕ್ಕದವನಿಗೆ ಹೇಳಿದ್ದು ಸೈದಾನಬಿಗೆ ಕೇಳಲೆಂದೇ.

ಶಹಾಬಾದದ ಕಲ್ಲು ಕಾರ್ಮಿಕರ ನಿಧಿಯ ಕಚೇರಿಗೆ ಅವಳು ಊರುಗೋಲು ಹಿಡಿದು, ಒಂದೇ ಕಾಲಲ್ಲಿ ಹನ್ನೊಂದು ಮೆಟ್ಟಿಲು ಹತ್ತಿ ಬಂದಿದ್ದಳು. ಕಾಶೀನಾಥನ ಪಾಲಿಶ್ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ನೆಲಕ್ಕೆ ಹಾಸುವ ಪರ್ಸಿಕಲ್ಲು ಎತ್ತಿದವಳು. ಮಳೆಗಾಲದಲ್ಲಿ ಒಂದು ಕಲ್ಲು ಜಾರಿ ಬಲಗಾಲಿನ ಎಲುಬು ಎರಡು ಕಡೆ ಮುರಿದಿತ್ತು. ಹದಿನಾರು ವಾರ ಕಾಲು ಊರಬಾರದೆಂದು ಡಾಕ್ಟರು ಬರೆದಿದ್ದರು. ಡಾಕ್ಟರು ಬರೆದಷ್ಟು ದಿನ ನಿಧಿಯಿಂದ ಅರ್ಧ ಪಗಾರ ಸಿಗುವುದು ರೂಢಿ.

“ಹೊಸ ಆರ್ಡರ್ ಬಂದದ. ಕಾಲಿಗೆ ಎಂಟು ವಾರ, ಕೈಗೆ ಆರು. ಮುಗೀತು ನಿಂದು,” ಎಂದ ಗುಮಾಸ್ತ.

“ಆರ್ಡರ್ ಬರೂಕಿಂತ ಮೊದಲೇ ಮುರದದಲ್ರಿ ನಂದು.”

“ಹಳೇ ಕಾಲಿಗೂ ಅದೇ.”

“ಹಂಗಾರ ಇದಕ್ಕ ನೀವೇ ಒಂದ್ ಮಾತು ಹೇಳ್ರಿ ಸಾಹೇಬ್ರ.” ಸೈದಾನಬಿ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟಳು. “ನಾ ಹೇಳಿದ್ರ ಕೇಳವಲ್ದು. ಭಾಳ ಹಟಮಾರಿ ಅದ.”

ಸಾಲಿನಲ್ಲಿದ್ದವರು ನಕ್ಕರು. ಉದಯಕುಮಾರ ನಗಲಿಲ್ಲ. ಸೋಮವಾರದಿಂದ ಕೆಲಸಕ್ಕೆ ಯೋಗ್ಯಳೆಂದು ಬರೆದು, ಸಿಕ್ಕಾ ಒತ್ತಿ ಕಾಗದವನ್ನು ಅವಳತ್ತ ಎಸೆದ.

ಸೋಮವಾರ ಬೆಳಿಗ್ಗೆ ಅವಳು ಆ ಕಾಗದ ಹಿಡಿದು ಕಾರ್ಖಾನೆಗೆ ಹೋದಳು. ಕಾಶೀನಾಥ ಅದನ್ನು ಓದಿ ಪ್ಲಾಸ್ಟರ್ ನೋಡಿದ.

“ಇನ್ನೊಂದು ಕಾಲೂ ಮುರಕೊಂಡು ನನ್ನ ತಲಿಗಿ ಕಟ್ಲಿಕ್ ಬಂದೀಯೇನ, ಕುಂಟ ರಂಡಿ? ನಡಿ ಹೊರಗ.”

“ಕೆಲಸಕ್ಕ ಆಗಂಗಿಲ್ಲ ಅಂತ ಅಷ್ಟು ಬರದ್ ಕೊಡ್ರಿ ಸಾವಕಾರ್ರ. ನಿಧಿಯವ್ರಿಗಿ ತೋರಸ್ತೀನಿ.”

“ನಾ ಯಾಕ ಬರೀಲಿ? ಆಫೀಸಿನವರು ನೀ ಗಟ್ಟಿ ಅದಿ ಅಂದಾರಲ್ಲ.”

“ಅಲ್ಲಿ ಗಟ್ಟಿ, ಇಲ್ಲಿ ಕುಂಟಿ. ನಡಬರಕ ರೋಡಿನ್ಯಾಗ ನಾ ಏನ್ರಿ?”

ಅವನು ಒಳಗೆ ಹೋದ. ಗಂಡನೂ ಸೈದಾನಬಿಯನ್ನು ರಂಡಿ ಎಂದು ಕರೆದವನಲ್ಲ. ಮನೆಗೆ ಹೋಗೋಣವೆಂದು ಗೇಟಿನವರೆಗೆ ಬಂದಳು. ಅಲ್ಲಿಂದ ಮುಂದೆ ಹೋಗಲು ಮನಸ್ಸಾಗಲಿಲ್ಲ. ಊರುಗೋಲು ಗೋಡೆಗಾನಿಸಿ, ಬೇವಿನ ನೆರಳಲ್ಲಿ ನೆಲಕ್ಕೆ ಕುಳಿತು, ಪ್ಲಾಸ್ಟರಿನ ಕಾಲನ್ನು ಗೇಟಿಗೆ ಅಡ್ಡವಾಗಿ ಚಾಚಿದಳು.

ಕಲ್ಲು ತುಂಬಿ ಒಳಗಿನಿಂದ ಹೊರಟ ಲಾರಿ ಅವಳ ಮುಂದೆ ಬಂದು ನಿಂತಿತು. ಚಾಲಕ ತೌಹೀದ ಕೆಳಗೆ ನೋಡಿದ. ಕಾಶೀನಾಥ ಓಡಿಬಂದ.

“ಹಾರ್ನ್ ಹೊಡಿಯೋ ಬಾಡ್ಯಾ. ತಾನೇ ಏಳ್ತಾಳ.”

ತೌಹೀದ ಹೊಡೆದ.

“ಹೊಡಿ ಬೇಟಾ,” ಎಂದಳು ಸೈದಾನಬಿ. “ನನ್ನ ಕಿವಿ ಛಲೋ ಅವ.”

ಎರಡನೇ ಸಲ ಹಾರ್ನ್ ಆಗಲಿಲ್ಲ. ಎಂಜಿನ್ ನಿಂತಿತು. ತೌಹೀದ ಕೆಳಗಿಳಿದು, ಚಾವಿಯನ್ನು ಕಿಸೆಗೆ ಹಾಕಿಕೊಂಡು ಅವಳತ್ತ ನಡೆದುಬಂದ.

“ಗಾಡಿ ತೆಗಿಯೋ,” ಎಂದ ಕಾಶೀನಾಥ.

“ಇಕಿ ಮ್ಯಾಲಿಂದ ತೆಗೀಲೇನ್ರಿ? ಅದನ್ನೂ ಬರದ್ ಕೊಡ್ರಿ,” ಎಂದ, ಲಾರಿ ತುಂಬಿಸುವಾಗ ಅವರ ಮಾತು ಕೇಳಿದ್ದ ತೌಹೀದ.

ಒಳಗೆ ಕೆಲಸದವರು ಪಾಲಿಶ್ ಯಂತ್ರವೊಂದನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನು. ಸೈದಾನಬಿ ಕಾಲು ಸರಿಸಲಿಲ್ಲ. ನೆರಳಲ್ಲಿ ತೌಹೀದನಿಗೆ ಜಾಗವಾಗಲೆಂದು ಕುಂಡಿಯನ್ನಷ್ಟೇ ಸರಿಸಿದಳು.