ಕೆಂಪು ಟೋಪಿಯ ಹೆಸರು

ರಾಗ್ನಾ ಕುರ್ಚಿಯಲ್ಲಿ ಕೂರಲಿಲ್ಲ. ಕಿಟಕಿಯವರೆಗೆ ಹೋದಳು, ಬಂದಳು, ಕೈಗವಸು ಕಳಚಿದಳು, ಮತ್ತೆ ತೊಟ್ಟುಕೊಂಡಳು. ಕುತ್ತಿಗೆಯ ಉಣ್ಣೆಪಟ್ಟಿಯನ್ನು ಮೂಗಿನವರೆಗೂ ಎಳೆದುಕೊಂಡಿದ್ದಳು. ನಮ್ಮದು ಸಣ್ಣ ಊರು. ಎಲ್ಲ ಶಾಲೆಗಳಿಗೂ ನಾನೊಬ್ಬಳೇ ನರ್ಸ್ ಆಗಿದ್ದೆ. ನಿವೃತ್ತಳಾದ ಮೇಲೂ, ಹೊಸಬರು ಸಿಗುವವರೆಗೆಂದು ಶಾಲೆಯ ಅದೇ ನರ್ಸ್ ಕೋಣೆಗೆ ಬಂದು ಕೂರುತ್ತಿದ್ದೆ.

"ನಾಳೆ ಸಂಜೆ ನಾನು ಬರಲ್ಲ, ಸಿಗ್ರುನ್ ಅಜ್ಜಿ. ಮೆರವಣಿಗೆಗೂ ಬರಲ್ಲ. ಟೋಪಿ ಅವ್ರೇ ಇಟ್ಕೊಳ್ಲಿ."

ಶಾಲೆಯ ಕೊನೆಯ ವರ್ಷದವರು ವಸಂತದಲ್ಲಿ ಕೆಂಪು ಉಡುಪು ತೊಟ್ಟು ಊರೆಲ್ಲ ಕುಣಿಯುತ್ತಾರೆ. ಪ್ರತಿಯೊಬ್ಬರ ಟೋಪಿಯ ಅಂಚಿನ ಮೇಲೂ ಗೆಳೆಯರೇ ಆರಿಸಿದ ಅಡ್ಡಹೆಸರು, ಅದರ ಮೇಲೊಂದು ಅಂಟುಪಟ್ಟಿ. ಏಪ್ರಿಲ್ ಕೊನೆಯ ಸಂಜೆ ಬಂದರುಕಟ್ಟೆಯಲ್ಲಿ ಎಲ್ಲರೆದುರು ಪಟ್ಟಿ ಕಿತ್ತಾಗಲೇ ಹೆಸರು ತಿಳಿಯುವುದು. ಮೇ ಹದಿನೇಳರ ರಾಷ್ಟ್ರೀಯ ಹಬ್ಬದ ಮೆರವಣಿಗೆಯವರೆಗೆ ಅದೇ ಹೆಸರು; ಫೋಟೋಗಳಲ್ಲಿ ಜನ್ಮವಿಡೀ.

"ಏನು ಬರ್ದಿದಾರೆ ಅಂತ ನಿಂಗೆ ಹೇಗೆ ಗೊತ್ತು?"

"ಎಲ್ರ ಟೋಪಿಗೂ ಹೆಸರು ಬರೆಯೋದು ನಮ್ಮ ಕ್ಲಾಸಿನ ಆ ಹುಡುಗ, ಬ್ರಾಗೆ ತಾನೆ? ಹಿಂದೆ ಕೂತು ಕಿಸಿಕಿಸಿ ನಗ್ತಿದ್ದ. 'ವೈರಸ್' ಅಂತ." ಉಣ್ಣೆಪಟ್ಟಿ ಕೆಳಗೆಳೆದಳು. ತುಟಿಯ ಮೂಲೆಯಲ್ಲಿ ಹುಣ್ಣುಗಳ ಗೊಂಚಲು ಒಣಗುತ್ತಿತ್ತು. ಬ್ಯಾಂಡಿನಲ್ಲಿ ಕಹಳೆ ಊದುವ ಹುಡುಗಿ. ಈಸ್ಟರ್ ಕಳೆದ ಮೇಲೆ ಊದಿರಲಿಲ್ಲ.

ಈಸ್ಟರ್ ರಜೆಯಲ್ಲಿ ತರಗತಿಯವರೆಲ್ಲ ಬೆಟ್ಟದ ಮೇಲಿನ ಮರದ ಮನೆಗೆ, ಹಿಮದ ಮೇಲೆ ಸ್ಕೀ ಮಾಡಲು ಹೋಗಿದ್ದರು. ಅಲ್ಲಿ ಇವಳೂ ಬ್ರಾಗೆಯೂ ಮುತ್ತು ಕೊಟ್ಟುಕೊಂಡರು. ಹಿಂತಿರುಗಿದ ಮೇಲೆ ಇವಳ ತುಟಿ ಒಡೆಯಿತು. ಅದೇ ವಾರ, ತರಗತಿಯ ಯಾರೋ ಹುಡುಗಿಗೆ ಗುಪ್ತಾಂಗದಲ್ಲಿ ಹರ್ಪಿಸ್ ವೈರಸ್ಸಿನ ಹುಣ್ಣು ಆಗಿದೆಯೆಂಬ ಸುದ್ದಿ ಹಬ್ಬಿತು. ಯಾರೆಂದು ಯಾರಿಗೂ ಗೊತ್ತಿಲ್ಲ. ಕಣ್ಣಿಗೆ ಕಾಣುವ ಗುರುತು ಇದ್ದದ್ದು ರಾಗ್ನಾಳ ಮುಖದಲ್ಲಿ ಮಾತ್ರ. ಅಲ್ಲಿಗೆ ತೀರ್ಪು ಆಯಿತು: ಇವಳಿಂದ ಯಾರಿಗೋ, ಆ ಯಾರಿಂದಲೋ ಇನ್ಯಾರಿಗೋ.

"ನನ್ನಿಂದ್ಲೇ ಹೋಯ್ತಾ ಅಜ್ಜಿ? ಅಷ್ಟನ್ನಾದ್ರೂ ಹೇಳಿ."

ನನಗೆ ಗೊತ್ತಿತ್ತು. ಆ ಇನ್ನೊಬ್ಬಳು, ಐವೋರ್, ಈಸ್ಟರಿಗೂ ಮೊದಲೇ ಇದೇ ಕೋಣೆಗೆ ಬಂದು ಕೂರಲಾಗದೆ ನಿಂತೇ ಅತ್ತಿದ್ದಳು. ಆದರೆ ಈ ಕೋಣೆಯ ಮಾತು ಬಾಗಿಲು ದಾಟಬಾರದು. ಒಬ್ಬಳ ಗುಟ್ಟು ಬಿಚ್ಚಿ ಇನ್ನೊಬ್ಬಳಿಗೆ ಹೊದಿಸುವ ಹಾಗಿಲ್ಲ.

"ಬೇರೆಯವರ ವಿಷಯ ನಾನು ಆಡೋ ಹಾಗಿಲ್ಲ ಮಗಳೇ. ನಾಳೆ ಮಧ್ಯಾಹ್ನದವರೆಗೆ ಟೋಪಿ ಬೇಡ ಅಂತ ಮಾತ್ರ ಹೇಳ್ಬೇಡ."

ಮನೆಗೆ ಹೋದರೂ ಕುಳಿತಲ್ಲಿ ಕೂರಲಾಗಲಿಲ್ಲ. ಹೆಣಿಗೆ ಹಿಡಿದೆ, ಬಿಟ್ಟೆ. ಒಲೆಯ ಮೇಲಿಟ್ಟ ಕಾಫಿ ಉಕ್ಕಿ ಚೆಲ್ಲಿತು. ಒರೆಸುತ್ತಿದ್ದಾಗ ಕನ್ನಡಿಯಲ್ಲಿ ನನ್ನ ತುಟಿಯ ಹಳೆಯ ಕಲೆ ಕಂಡಿತು. ಸಾಕಲ್ಲ, ಇದರ ಗುಟ್ಟು ನನ್ನದೇ, ಇದನ್ನು ಬಿಚ್ಚಬಹುದು ಎನಿಸಿತು.

ಮರುದಿನ ಬೆಳಿಗ್ಗೆ ಮೇಷ್ಟರನ್ನು ಕೇಳಿ ರಾಗ್ನಾಳ ತರಗತಿಯಲ್ಲಿ ಅರ್ಧ ಗಂಟೆ ಪಡೆದೆ. ಕಾಂಡೋಮ್ ಡಬ್ಬಿ ಕಂಡೊಡನೆ ಹಿಂದಿನ ಸಾಲು ಕೂಗಿತು, "ಅಜ್ಜಿ ಚಾಕ್ಲೇಟ್ ತಂದಿದಾರೆ!"

"ಇರ್ರೋ, ಕೊಡ್ತೀನಿ. ಮೊದ್ಲು ನನ್ನ ಕತೆ ಕೇಳಿ. ನಂಗೆ ತುಟಿ ಮೇಲೆ ಚಳಿಹುಣ್ಣು ಆಗತ್ತೆ." ನಾನೇ ಕೈ ಎತ್ತಿದೆ. ಮೇಷ್ಟರೂ ಒಂದು ಗಳಿಗೆ ಯೋಚಿಸಿ, ತಮಗೂ ಆಗುತ್ತದೆಂದು ಕೈ ಎತ್ತಿದರು. ಆ ಒಳ್ಳೆಯತನವನ್ನು ನಾನು ಮರೆಯಲಾರೆ.

ಯಾರನ್ನೂ ಕೇಳುವ ಉದ್ದೇಶ ನನಗಿರಲಿಲ್ಲ. ಬ್ರಾಗೆ ತಾನಾಗಿಯೇ ಬಾಯಿಬಿಟ್ಟ. "ನಂಗೂ ಅಜ್ಜಿ! ಒಂದನೇ ಕ್ಲಾಸಲ್ಲಿ ನೀವೇ ಬಿಳಿ ಮುಲಾಮು ಹಚ್ತಿದ್ರಲ್ಲ! ಸ್ಕೀ ಮಾಡ್ದಾಗೆಲ್ಲ ಬರತ್ತೆ. ಗಾಳಿಗೆ. ಅಪ್ಪಂಗೂ ಅಷ್ಟೇ, ಬೋಟಲ್ಲಿ."

ನಮ್ಮ ಕರಾವಳಿಯ ನಂಬಿಕೆಯೇ ಅದು. ಚಳಿಗಾಳಿ ಬೀಸಿತು, ತುಟಿ ಒಡೆಯಿತು. ಹರ್ಪಿಸ್ ಎಂದರೆ ಬೇರೆ ಯಾರಿಗೋ, ಎಲ್ಲಿಯೋ ದೂರದಲ್ಲಿ ಆಗುವ ರೋಗ.

"ಗಾಳಿ ಅದನ್ನ ಎಬ್ಬಿಸತ್ತೆ ಅಷ್ಟೇ, ತರೋದಿಲ್ಲ," ಎಂದೆ. "ಒಳಗೆ ಮಲಗಿರೋದು ವೈರಸ್ಸು. ಚಳಿಹುಣ್ಣೂ ಹರ್ಪಿಸ್ಸೇ. ಬಾಯಿಂದ ಬಾಯಿಗೂ ಹೋಗತ್ತೆ, ಕೆಳಗೂ ಹೋಗತ್ತೆ. ಹುಣ್ಣು ಕಾಣದೇ ಇದ್ದಾಗ್ಲೂ ದಾಟಬಹುದು."

ಬೋರ್ಡಿನ ಮೇಲೆ ಒಬ್ಬೊಬ್ಬರಿಗೊಂದರಂತೆ ಹೆಸರಿಲ್ಲದ ಚುಕ್ಕೆಗಳನ್ನಿಟ್ಟು, ವೈರಸ್ ದಾಟುವ ದಾರಿಗೆ ಗೆರೆ ಎಳೆದೆ. ನಮ್ಮ ಕಾಲದಲ್ಲಿ ಅಜ್ಜಿಯರ ಮುತ್ತಿನಿಂದಲೇ ಮಕ್ಕಳಿಗೆ ಅಂಟುತ್ತಿತ್ತು. ಈಗ ಎಷ್ಟೋ ಮಕ್ಕಳು ಹದಿಹರೆಯದವರೆಗೂ ತಪ್ಪಿಸಿಕೊಂಡು, ಪ್ರೀತಿ ಶುರುವಾದಾಗ ಮೊದಲ ಸಲ ಪಡೆಯುತ್ತಾರೆ. ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಇದೆ. ಬಹಳ ಮಂದಿಗೆ ಅದು ಗೊತ್ತೇ ಇಲ್ಲ.

"ಅದಕ್ಕೇ, ಯಾರ ಮುಖದಲ್ಲಿ ಮೊದ್ಲು ಕಾಣ್ತೋ ಅವ್ರೇ ಹರಡಿದ್ದು ಅನ್ನೋಕಾಗಲ್ಲ."

ಬ್ರಾಗೆಯ ಕಿವಿ ಕೆಂಪಾಯಿತು. ನನಗೆ ಒಳಗೇ ಕಸಿವಿಸಿ: ಆರೋಪದ ಬೆರಳನ್ನು ರಾಗ್ನಾಳಿಂದ ಕಿತ್ತು ಇವನ ಮೇಲೆ ನೆಟ್ಟೆನೇ? ಆಗ ಕಿಟಕಿಯ ಪಕ್ಕದಿಂದ ಐವೋರ್, ಯಾರ ಮುಖವನ್ನೂ ನೋಡದೆ, ಹೇಳಿದಳು:

"ಆ ಇನ್ನೊಬ್ಬಳು ನಾನೇ. ನಂಗೆ ಬಂದಿದ್ದು ಈಸ್ಟರಿಗೂ ಮುಂಚೆ. ರಾಗ್ನಾನ ಬಿಟ್ಬಿಡಿ."

ಯಾರೋ ಸಿಳ್ಳೆ ಹಾಕಿದರು.

"ಏನೋ? ನಿಂಗೂ ಬೇಕಾ?" ಎಂದಳು ಐವೋರ್. ಇಡೀ ತರಗತಿ ನಕ್ಕಿತು. ಈ ಸಲ ಅವಳ ಪರವಾಗಿ. ರಾಗ್ನಾ ಎದ್ದು, ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಐವೋರಳ ಪಕ್ಕ ಕುಳಿತಳು.

ಸಂಜೆ ಬಂದರುಕಟ್ಟೆಯಲ್ಲಿ ನಾನು ಮುಂದೆ ನಿಲ್ಲಲಿಲ್ಲ. ಅತ್ತಿತ್ತ ಓಡಾಡುತ್ತಲೇ ಇದ್ದೆ. ರಾಗ್ನಾ ಬಂದಿದ್ದಳು, ಆದರೆ ಉಣ್ಣೆಪಟ್ಟಿ ಮೂಗಿನ ಮೇಲೇ ಇತ್ತು. ಬ್ರಾಗೆ ಅವಳ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ.

"ಹುಷಾರು, ಬಣ್ಣ ಇನ್ನೂ ಹಸಿ ಇದೆ."

ಉಗುರುಬಣ್ಣ ಅಳಿಸುವ ದ್ರವದ ವಾಸನೆ ನನ್ನವರೆಗೂ ಬಂತು. ಅವಳು ಪಟ್ಟಿ ಕಿತ್ತಳು. ಹಳೆಯ ಹೆಸರನ್ನು ಉಜ್ಜಿ ಉಜ್ಜಿ ಅಳಿಸಿ ಮಾಸಿದ ಜಾಗದ ಮೇಲೆ, ಸೊಟ್ಟ ಅಕ್ಷರಗಳಲ್ಲಿ: 'ಕಹಳೆ'.

"ನಿಂದೇನು?" ಎಂದಳು.

ಬ್ರಾಗೆ ತನ್ನ ಟೋಪಿಯ ಪಟ್ಟಿ ಎಳೆದ. 'ಚಳಿಹುಣ್ಣು'.

"ನನ್ನ ಹೆಸರನ್ನ ನಾನೇ ಬರ್ಕೊಂಡೆ. ಬೇರೆಯವ್ರು ಇನ್ನೂ ಕೆಟ್ಟದಾಗಿ ಬರೀತಿದ್ರು."

"ಇದಕ್ಕಿಂತ ಕೆಟ್ಟದ್ದು ಇರತ್ತೇನೋ, ಕತ್ತೆ!" ಎಂದು ಐವೋರ್ ಅವನ ಬೆನ್ನಿಗೆ ಗುದ್ದಿದಳು.

ರಾಗ್ನಾ ಉಣ್ಣೆಪಟ್ಟಿಯನ್ನು ಗಲ್ಲದ ಕೆಳಕ್ಕೆ ಸರಿಸಿ, ತಲೆಗೆ ಟೋಪಿ ಇಟ್ಟುಕೊಂಡಳು. ನಗು ತಡೆಯಲಾರದೆ ತುಟಿ ಒತ್ತಿ ಹಿಡಿದಳು.

"ನಗಿಸ್ಬೇಡ್ರೋ, ನೋಯತ್ತೆ. ಹದಿನೇಳಕ್ಕೆ ಊದ್ಬೇಕು ನಾನು."