ಸೂಜಿ ಕಸಿದುಕೊಂಡವಳ ಪರೀಕ್ಷೆ

ನನ್ನನ್ನು ಫೇಲ್ ಮಾಡಿದ್ದು ನನ್ನ ಬಲಗೈ. ಥಿಯರಿಯಲ್ಲಿ ನೂರಕ್ಕೆ ಎಂಬತ್ತೊಂದು ತೆಗೆದವಳು ನಾನು. ಇಪ್ಪತ್ತು ವರ್ಷ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತು, ಕನ್ನಡಕ ಏರಿಸಿ ಇಳಿಸಿ, ಬೋಧನಾ ವಿಧಾನಗಳ ಆ ದಪ್ಪ ಪುಸ್ತಕವನ್ನು ಅರೆದು ಕುಡಿದಿದ್ದೆ. ಆದರೆ ನರ್ಸಿಂಗ್ ಸ್ನಾತಕೋತ್ತರ ಪದವಿಯ ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಹತ್ತೇ ನಿಮಿಷಕ್ಕೆ ಮಕಾಡೆ ಬಿದ್ದೆ.

ನೋಡಿದರೆ ಸುಲಭದ ಪರೀಕ್ಷೆ. ರೋಗಿಯ ಹಾಸಿಗೆಯ ಪಕ್ಕ ಒಬ್ಬ ವಿದ್ಯಾರ್ಥಿನಿಯನ್ನು ನಿಲ್ಲಿಸಿಕೊಂಡು, ಡ್ರಿಪ್ ಹಾಕಲು ಕೈಯ ನರಕ್ಕೆ ಸೂಜಿ ಏರಿಸುವುದನ್ನು ಕಲಿಸಬೇಕು. ಸೂಜಿ ಅವಳ ಕೈಯಲ್ಲೇ ಇರಬೇಕು. ರೋಗಿಗೆ ಅಪಾಯವಾಗುವಂತಿದ್ದರೆ ಮಾತ್ರ ಕಲಿಸುವವರು ಮಧ್ಯೆ ಕೈ ಹಾಕಬಹುದು, ಇಲ್ಲದಿದ್ದರೆ ಬಾಯಲ್ಲಿ ಮಾತ್ರ ಹೇಳಿಕೊಡಬೇಕು.

ಅಂದು ನನಗೆ ಸಿಕ್ಕವಳು ಎರಡನೇ ವರ್ಷದ ಒಂದು ಸಣಕಲು ಹುಡುಗಿ. ಗೆಳತಿಯರು ಅವಳನ್ನು ಗುಬ್ಬಿ ಎಂದು ಕರೆಯುತ್ತಾರೆ. ಗುಬ್ಬಿ ಸೂಜಿ ಕೈಗೆತ್ತಿಕೊಂಡಳು. ಒಂದು ಸಲ ಚುಚ್ಚಿದಳು, ನರ ಜಾರಿತು. ರೋಗಿ 'ಅಯ್ಯೋ' ಎಂದರು. ಆ 'ಅಯ್ಯೋ' ಕಿವಿಗೆ ಬಿದ್ದದ್ದೇ ತಡ, ನನ್ನ ಬಲಗೈ ಅವಳನ್ನು ಪಕ್ಕಕ್ಕೆ ಸರಿಸಿ, ಟ್ರೇಯಿಂದ ಹೊಸ ಸೂಜಿ ಎತ್ತಿ ಕೆಲಸ ಮುಗಿಸಿಬಿಟ್ಟಿತ್ತು. ಬಿಳಿ ಕೂದಲಿನ ಪರೀಕ್ಷಕಿ ಹಾಳೆಯಲ್ಲಿ ಎರಡು ಸಾಲು ಬರೆದರು: 'ರೋಗಿಗೆ ಅತ್ಯುತ್ತಮ ಸೇವೆ ಸಿಕ್ಕಿತು. ವಿದ್ಯಾರ್ಥಿನಿ ಏನನ್ನೂ ಕಲಿಯಲಿಲ್ಲ.'

ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷ ತುರ್ತು ವಾರ್ಡಿನಲ್ಲಿ ಬೆವರು ಹರಿಸಿದವಳು ನಾನು. ಯಾರ ಕೈಗೂ ಸಿಗದ ನರ ನನಗೆ ಒಂದೇ ಸಲಕ್ಕೆ ಸಿಗುತ್ತದೆ ಎಂದು ಇಡೀ ಆಸ್ಪತ್ರೆ ನನ್ನನ್ನು 'ಒಂದೇಟು ಸಿಸ್ಟರ್' ಎಂದು ಕರೆಯುತ್ತದೆ. ಹೊಸದಾಗಿ ಬಂದವರು ಈ ಹೆಸರು ಕೇಳಿ, ನಾನು ಹೊಡೆಯುತ್ತೇನೆ ಎಂದುಕೊಂಡು ಒಂದು ವಾರ ದೂರದಲ್ಲೇ ನಿಲ್ಲುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ.

ಇಷ್ಟು ಹೆಸರಿದ್ದವಳಿಗೆ ನಲವತ್ತೈದನೇ ವಯಸ್ಸಿನಲ್ಲಿ ಈ ಓದಿನ ಹುಚ್ಚು ಯಾಕೆ ಹತ್ತಿತು ಎಂದರೆ, ಮೂರು ವರ್ಷದ ಹಿಂದೆ ನನಗೇ ಜ್ವರ ಬಂದು ನಮ್ಮ ವಾರ್ಡಿನಲ್ಲೇ ಮಲಗಿದೆ. ಆರು ವರ್ಷ ನನ್ನ ಜೊತೆ ಕೆಲಸ ಮಾಡಿದ ಹುಡುಗಿಯರು ಸರದಿಯಂತೆ ಬಂದು ನನಗೆ ಐದು ಸಲ ಚುಚ್ಚಿದರು. ಕೊನೆಗೆ ಒಬ್ಬಳು ಅಳುಮೋರೆ ಮಾಡಿ, "ಕಷ್ಟದ ನರ ಇದ್ರೆ ನಿಮ್ಮನ್ನೇ ಕರೀತಿದ್ವಲ್ಲ ಸಿಸ್ಟರ್, ನಮಗೆಲ್ಲಿ ಅಭ್ಯಾಸ?" ಎಂದಳು. ಊದಿದ ಎರಡೂ ಕೈಗಳನ್ನು ನೋಡುತ್ತಾ ಮಲಗಿದ್ದ ನನಗೆ ನಾಚಿಕೆಯಾಯಿತು. ಅಷ್ಟು ವರ್ಷದಲ್ಲಿ ನಾನು ಯಾರಿಗೂ ಏನನ್ನೂ ಕಲಿಸಿರಲಿಲ್ಲ. ಜ್ವರ ಇಳಿದ ಮೇಲೆ ಅರ್ಜಿ ಹಾಕಿದೆ, ಎರಡು ವರ್ಷದ ರಜೆ ಪಡೆದೆ. ಪಾಸಾದರೆ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಕಲಿಸುವ ಕೆಲಸ ನನಗಾಗಿ ಕಾದಿತ್ತು.

ಈಗ ಉಳಿದಿದ್ದು ಇನ್ನೊಂದೇ ಅವಕಾಶ, ಅದೂ ಮೂರು ತಿಂಗಳ ನಂತರ. ಅದೂ ಹೋದರೆ ಪದವಿ ಇಲ್ಲ, ಶಾಲೆಯ ಕೆಲಸವೂ ಇಲ್ಲ.

ಮನೆಯಲ್ಲಿ ನನ್ನ ಗಂಡ ಸಮಾಧಾನ ಹೇಳಲು ಬಂದರು. ಅವರು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ.

"ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ. ಅವರು ತಡವರಿಸಿದಾಗೆಲ್ಲ ನಾನೇ ಒತ್ತಿದ್ರೆ, ಈ ಊರಲ್ಲಿ ಒಬ್ರಿಗೂ ಗಾಡಿ ಓಡಿಸೋಕೆ ಬರ್ತಿರಲಿಲ್ಲ" ಎಂದರು.

"ನಿಮ್ಮ ಬ್ರೇಕಿಗೆ ರಕ್ತ ಬರಲ್ಲ ರೀ" ಎಂದು ಎಗರಿಬಿದ್ದೆ.

"ರಕ್ತ ಬರಲ್ಲ, ಬೆವರು ಬರುತ್ತೆ. ನೀನೇ ಕಾರು ಕಲಿಯೋವಾಗ ಎಷ್ಟು ಬಂದಿತ್ತು ಅಂತ ನನಗೊಬ್ಬನಿಗೇ ಗೊತ್ತು."

ಹಾಗೆ ಶುರುವಾಯಿತು ನನ್ನ ಮನೆಪಾಠ. ಶಿಷ್ಯೆ ಯಾರು? ನಮ್ಮತ್ತೆ. ಅವರಿಗೆ ಸಕ್ಕರೆ ಕಾಯಿಲೆ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಅವರ ಹೊಟ್ಟೆಗೆ ಇನ್ಸುಲಿನ್ ಚುಚ್ಚುತ್ತಿದ್ದವಳು ನಾನೇ. ಇನ್ನು ಮೇಲೆ ನೀವೇ ಹಾಕಿಕೊಳ್ಳಬೇಕು ಅತ್ತೆ, ನಾನು ಮುಟ್ಟದೆ ಕಲಿಸುತ್ತೇನೆ ಎಂದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿಂಗೆ ಪಾಸಾಗೋಕೆ ನನ್ನ ಹೊಟ್ಟೇನೇ ಬೇಕಿತ್ತೇನೇ ತಾಯಿ?"

ಮೊದಲ ದಿನ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. "ಇನ್ಸುಲಿನ್ ಪೆನ್ನಿನ ತುದಿ ತಿರುಗಿಸಿ, ಟಿಕ್ ಟಿಕ್ ಎಣಿಸಿ. ಸೂಜಿ ನೆಟ್ಟಗೆ ಹಿಡೀರಿ. ಚುಚ್ಚಿ. ಗುಂಡಿ ಒತ್ತಿ" ಎಂದು ಒಂದೇ ಉಸಿರಿಗೆ ಒದರಿದೆ. ಅತ್ತೆ ಪೆನ್ನು ಹಿಡಿದು ಕೂತೇ ಇದ್ದರು. ಎರಡು ನಿಮಿಷಕ್ಕೆ ನನ್ನ ತಾಳ್ಮೆ ಕೈಕೊಟ್ಟಿತು. ಧ್ವನಿ ಏರಿತು. "ಚುಚ್ಚೋದಕ್ಕೆ ಮುಹೂರ್ತ ನೋಡ್ತಿದೀರಾ?" ಎಂದುಬಿಟ್ಟೆ.

"ನಿನ್ನ ಬಾಯಿಗಿಂತ ಆ ಸೂಜೀನೇ ವಾಸಿ" ಎಂದರು ಅತ್ತೆ. "ಅಲ್ಲ ಕಣೇ, ನೀನು ಚುಚ್ಚೋಕೆ ಮುಂಚೆ ಎಡಗೈಯಲ್ಲಿ ಏನೋ ಮಾಡ್ತೀಯಲ್ಲ, ಅದು ಹೇಳ್ಲೇ ಇಲ್ಲ."

"ಏನು ಮಾಡ್ತೀನಿ?"

"ಚರ್ಮ ಮೆತ್ತಗೆ ಚಿವುಟಿ ಎತ್ತಿ ಹಿಡ್ಕೊಳ್ತೀಯ. ಆಮೇಲೆ ಹೆಬ್ಬೆರಳಲ್ಲಿ ಹಂಗೇ ಒಂದ್ಸಲ ಸವರ್ತೀಯ, ಭಯ ಹೋಗಲಿ ಅಂತ. ಹನ್ನೊಂದು ವರ್ಷ ಚುಚ್ಚಿಸ್ಕೊಂಡೋಳು ನಾನು. ನಂಗೊತ್ತಿಲ್ವಾ?"

ನಾನು ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಚಿವುಟಿ ಹಿಡಿಯುವುದು ಪುಸ್ತಕದಲ್ಲೇ ಇದೆ, ಪರೀಕ್ಷೆಗೆ ಬರೆದು ಅಂಕವನ್ನೂ ತೆಗೆದಿದ್ದೇನೆ. ಆದರೆ ಹೇಳಿಕೊಡುವಾಗ ಅದು ನನ್ನ ಬಾಯಿಗೆ ಬರಲೇ ಇಲ್ಲ. ಎಡಗೈ ಯಾವತ್ತೂ ನನ್ನನ್ನು ಕೇಳದೆ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಹೆಸರೆಲ್ಲ ಬಲಗೈಗೆ ಹೋಗುತ್ತಿತ್ತು.

ಆ ದಿನದಿಂದ ನಾನು ನನ್ನ ಎಡಗೈಯನ್ನು ಕಳ್ಳನನ್ನು ಹಿಂಬಾಲಿಸಿದಂತೆ ಹಿಂಬಾಲಿಸಿದೆ. ಕಾಲೇಜಿನಲ್ಲಿ ನನ್ನ ಓದಿನ ಉಸ್ತುವಾರಿ ನೋಡುತ್ತಿದ್ದ ಗೈಡ್ ಮೇಡಂ ಹತ್ತಿರ ಹೇಳಿ, ಪ್ರಯೋಗಾಲಯದಲ್ಲಿ ಚುಚ್ಚಿ ಕಲಿಯಲು ಇಟ್ಟಿದ್ದ ರಬ್ಬರ್ ತೋಳಿನ ಮುಂದೆ ಕೂತೆ. ಸೂಜಿ ಏರಿಸುತ್ತಾ ಎಡಗೈ ಏನೇನು ಮಾಡುತ್ತದೆ ಎಂದು ಬರೆದುಕೊಂಡೆ. ಚುಚ್ಚುವ ಜಾಗದಿಂದ ಎರಡು ಬೆರಳಿನಷ್ಟು ಕೆಳಗೆ ಹೆಬ್ಬೆರಳು ಚರ್ಮವನ್ನು ಎಳೆದು ಹಿಡಿಯುತ್ತದೆ. ಅದಕ್ಕೇ ನರ ಜಾರುವುದಿಲ್ಲ. ಸೂಜಿ ನರ ಸೇರಿದ ಗುರುತಾಗಿ ಅದರ ಹಿಂದಿನ ಪುಟ್ಟ ಗೂಡಿನಲ್ಲಿ ರಕ್ತ ಕಾಣುವವರೆಗೂ ಆ ಹೆಬ್ಬೆರಳು ಅಲುಗುವುದಿಲ್ಲ. ಗುಬ್ಬಿಗೆ ನಾನು ಕೋನ ಹೇಳಿದ್ದೆ, ಆಳ ಹೇಳಿದ್ದೆ, ಎಡ ಹೆಬ್ಬೆರಳಿನ ಸುದ್ದಿಯನ್ನೇ ಎತ್ತಿರಲಿಲ್ಲ. ತಪ್ಪು ಅವಳದ್ದಾಗಿರಲಿಲ್ಲ, ನನ್ನದಾಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಅತ್ತೆ ಹತ್ತನೇ ದಿನಕ್ಕೆ ತಾವೇ ಇನ್ಸುಲಿನ್ ಹಾಕಿಕೊಂಡರು. ಆಮೇಲೆ ಒಂದು ವಾರ ಬಂದವರಿಗೆಲ್ಲ ಹೊಟ್ಟೆ ತೋರಿಸಿ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು.

ಪರೀಕ್ಷೆಗೆ ಒಂದು ವಾರ ಇರುವಾಗ ಗೈಡ್ ಮೇಡಂ ಆರು ವಿದ್ಯಾರ್ಥಿನಿಯರ ಪಟ್ಟಿ ಕೊಟ್ಟು, ಒಬ್ಬಳನ್ನು ಆರಿಸಿಕೊಳ್ಳಿ ಎಂದರು. ಗುಬ್ಬಿಯ ಹೆಸರು ಅದರಲ್ಲಿರಲಿಲ್ಲ.

"ಆ ಹುಡುಗಿ ಎಲ್ಲಿ ಮೇಡಂ?"

"ಅವಳು ಕೋರ್ಸ್ ಬಿಡ್ತೀನಿ ಅಂತಿದಾಳೆ. ನಿಮ್ಮ ಪರೀಕ್ಷೆ ಆದ್ಮೇಲೆ ಸೂಜೀನೇ ಮುಟ್ಟಿಲ್ಲ. ನನ್ನ ಕೈಗೆ ಇದೆಲ್ಲ ಬರಲ್ಲ ಅಂತಾಳೆ."

ನಾನು ಕಸಿದುಕೊಂಡದ್ದು ಬರೀ ಸೂಜಿಯನ್ನಲ್ಲ. "ನನಗೆ ಅವಳೇ ಬೇಕು" ಎಂದೆ.

"ತಲೆ ಕೆಟ್ಟಿದೆಯಾ ನಿಮಗೆ? ಇದು ಕೊನೇ ಅವಕಾಶ! ಚುರುಕಾದ ಹುಡುಗೀರು ಇದಾರೆ, ಆರಾಮಾಗಿ ಪಾಸಾಗ್ತೀರಿ."

"ಬರೋವರಿಗೆ ಕಲಿಸೋಕೆ ನಾನ್ಯಾಕೆ ಮೇಡಂ?"

ಗುಬ್ಬಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ನಾನು ಅವತ್ತು ಮಾಡಿದ್ದು ತಪ್ಪು ಎಂದು ನೇರವಾಗಿ ಹೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಜೂನಿಯರ್ ಒಬ್ಬಳಿಗೆ ನಾನು ಕೇಳಿದ ಮೊದಲ ಕ್ಷಮೆ ಅದು. ಈ ಸಲದ ಪರೀಕ್ಷೆಗೂ ನೀನೇ ಬಾ ಎಂದು ಕರೆದೆ.

"ಮತ್ತೆ ಕಿತ್ಕೊಳ್ತೀರಾ ಸಿಸ್ಟರ್?"

"ಕಿತ್ಕೊಂಡ್ರೆ ನಾನು ಫೇಲ್. ನಿನಗೇನೂ ಆಗಲ್ಲ."

ಅದು ಅವಳಿಗೆ ಹಿಡಿಸಿತು. ವಾರವಿಡೀ ದಿನಾ ಒಂದು ಗಂಟೆ ರಬ್ಬರ್ ತೋಳಿನ ಮುಂದೆ ಕೂತೆವು.

ಪರೀಕ್ಷೆಯ ಬೆಳಿಗ್ಗೆ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಗಾರೆ ಕೆಲಸದವರು ಮಲಗಿದ್ದರು. ವಾಂತಿ ಭೇದಿಯಿಂದ ಸೋತಿದ್ದರು, ಡ್ರಿಪ್ ಬೇಕಿತ್ತು. ವಿದ್ಯಾರ್ಥಿನಿ ಚುಚ್ಚುತ್ತಾಳೆ, ಅಭ್ಯಂತರವಿದೆಯೇ ಎಂದು ಕೇಳಿ ಒಪ್ಪಿಗೆ ಪಡೆದಿದ್ದೆವು. ನಾನು ಅವರ ಕೈ ನೋಡಿದೆ. ಸಿಮೆಂಟು ತಿಂದ ಒರಟು ಚರ್ಮ, ಕೆಳಗೆ ಮುಟ್ಟಿದರೆ ಅತ್ತಿತ್ತ ಓಡುವ ನರ. ಎದುರಿಗೆ ಅದೇ ಬಿಳಿ ಕೂದಲಿನ ಪರೀಕ್ಷಕಿ, ಕೈಯಲ್ಲಿ ಅದೇ ತರದ ಹಾಳೆ.

ಗುಬ್ಬಿ ಅವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ನರ ಹುಡುಕಿದಳು. ಸ್ಪಿರಿಟ್ ಒರೆಸಿ ಆರಲು ಬಿಟ್ಟಳು. ಹೆಬ್ಬೆರಳಲ್ಲಿ ಚರ್ಮ ಎಳೆದಳು. ನಾನು ಮನಸ್ಸಿನಲ್ಲೇ ಶಹಬ್ಬಾಸ್ ಎನ್ನುವಷ್ಟರಲ್ಲಿ ಸೂಜಿ ಚರ್ಮ ಮುಟ್ಟಿತು, ಅವಳ ಹೆಬ್ಬೆರಳು ಬೆಚ್ಚಿ ಸಡಿಲವಾಯಿತು. ನರ ಜಾರಿತು. ಗೂಡಿನಲ್ಲಿ ರಕ್ತವಿಲ್ಲ. ಗಾರೆಯವರು ಹಲ್ಲು ಕಚ್ಚಿದರು.

ಅವಳು ಸೂಜಿ ಹೊರಗೆ ತೆಗೆದು, ಪಟ್ಟಿ ಬಿಚ್ಚಿ, ಹತ್ತಿ ಒತ್ತಿದಳು. ಆಮೇಲೆ ಟ್ರೇಯಿಂದ ಹೊಸ ಸೂಜಿಯ ಪೊಟ್ಟಣ ಎತ್ತಿ ನನ್ನ ಕಡೆಗೆ ಚಾಚಿದಳು. ಕಣ್ಣಲ್ಲಿ ನೀರಿತ್ತು.

"ನೀವೇ ಹಾಕ್ಬಿಡಿ ಸಿಸ್ಟರ್."

ನನ್ನ ಬಲಗೈ ಎದ್ದೇಬಿಟ್ಟಿತು. ನಿಜ ಹೇಳುತ್ತೇನೆ, ಆ ನರ ನನಗೆ ಮೂರು ಸೆಕೆಂಡಿನ ಕೆಲಸ. ಪರೀಕ್ಷಕಿಯ ಪೆನ್ನು ಹಾಳೆಯ ಮೇಲೆ ಇಳಿಯಿತು. ನಾನು ಎದ್ದ ಕೈಯಲ್ಲಿ ನನ್ನ ಕನ್ನಡಕ ಸರಿಮಾಡಿಕೊಂಡು, ಆ ಕೈಯನ್ನು ಮತ್ತೆ ಬೆನ್ನ ಹಿಂದೆ ಒಯ್ದೆ.

"ಚುಚ್ಚೋವಾಗ ನಿನ್ನ ಎಡ ಹೆಬ್ಬೆರಳು ಏನು ಮಾಡ್ತಿತ್ತು?" ಎಂದು ಮೆತ್ತಗೆ ಕೇಳಿದೆ.

ಅವಳು ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. "ಬಿಟ್ಬಿಟ್ಟೆ" ಎಂದಳು. "ಸೂಜಿ ತಾಗಿದ ತಕ್ಷಣ ಬಿಟ್ಬಿಟ್ಟೆ ಸಿಸ್ಟರ್."

"ಈಗ ಏನು ಮಾಡ್ತೀಯ?"

"ರಕ್ತ ಕಾಣೋವರೆಗೂ ಬಿಡಲ್ಲ."

ಗಾರೆಯವರನ್ನು ಇನ್ನೊಂದು ಸಲ ಆಗಬಹುದೇ ಎಂದು ಕೇಳಿದೆ. ಅವರು ಇನ್ನೊಂದು ಕೈ ಚಾಚಿದರು. "ಹಾಕು ತಾಯಿ. ನಾನು ಕಟ್ಟಿದ ಮೊದಲನೇ ಗೋಡೆ ಎರಡು ಸಲ ಬಿದ್ದಿತ್ತು."

ಗುಬ್ಬಿ ನಕ್ಕಳು. ಮೂಗು ಭುಜಕ್ಕೆ ಒರೆಸಿಕೊಂಡು, ಕೈ ತೊಳೆದು ಹೊಸ ಗ್ಲೌಸ್ ಹಾಕಿ ಬಂದಳು. ಪಟ್ಟಿ ಕಟ್ಟಿ, ಒರೆಸಿ, ಹೆಬ್ಬೆರಳು ಊರಿ ಚರ್ಮ ಎಳೆದಳು. ಉಗುರು ಬಿಳಿಚಿಕೊಳ್ಳುವಷ್ಟು ಬಿಗಿ. ಸೂಜಿ ಒಳಗೆ ಹೋಯಿತು. ಹೆಬ್ಬೆರಳು ಕದಲಲಿಲ್ಲ. ಗೂಡಿನಲ್ಲಿ ಕೆಂಪು ಚಿಮ್ಮಿತು.

ಅವಳು ಸೂಜಿ ತಗ್ಗಿಸಿ, ಅದರ ಮೇಲಿನ ತೆಳು ಪ್ಲಾಸ್ಟಿಕ್ ನಳಿಗೆಯನ್ನು ನರದೊಳಕ್ಕೆ ಜಾರಿಸಿದಳು. ಇನ್ನು ಸೂಜಿ ಹೊರಗೆಳೆಯುವ ಮುಂಚೆ ಪಟ್ಟಿ ಬಿಚ್ಚಬೇಕು, ಇಲ್ಲದಿದ್ದರೆ ಹಾಸಿಗೆಯೆಲ್ಲ ರಕ್ತ. ಅವಳ ಕೈ ಸೂಜಿಯ ಕಡೆ ಹೋಯಿತು. ಪಟ್ಟಿ, ಪಟ್ಟಿ ಎಂದು ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದು ಉಸಿರಿನಷ್ಟು ಕಾಯೋಣ ಎಂದುಕೊಂಡೆ, ಜೀವಮಾನದಲ್ಲಿ ನಾನು ಅಷ್ಟು ಉದ್ದದ ಉಸಿರು ಎಳೆದಿಲ್ಲ. ಗುಬ್ಬಿಯ ಬೆರಳು ನಿಂತಿತು. "ಪಟ್ಟಿ" ಎಂದು ತನಗೆ ತಾನೇ ಹೇಳಿಕೊಂಡು ಬಿಚ್ಚಿದಳು. ನರದ ಮೇಲೆ ಬೆರಳೊತ್ತಿ ಸೂಜಿ ತೆಗೆದಳು, ಡ್ರಿಪ್ಪಿನ ನಳಿಗೆ ಸಿಕ್ಕಿಸಿದಳು. ಹನಿ ಬೀಳತೊಡಗಿತು. ಒಂದು ಚೂರೂ ಊತವಿಲ್ಲ.

ನನಗೆ ಕುಣಿಯಬೇಕೆನ್ನಿಸಿತು. ಪರೀಕ್ಷೆ ಎಂದು ಸುಮ್ಮನೆ ನಿಂತೆ.

ಪರೀಕ್ಷಕಿ ಹತ್ತಿರ ಬಂದು ಹನಿ ನೋಡಿದರು, ಕೈ ಮುಟ್ಟಿ ನೋಡಿದರು. ಆಮೇಲೆ ಗುಬ್ಬಿಯ ಕಡೆ ತಿರುಗಿದರು.

"ಎರಡನೇ ಸಲ ಸರಿಯಾಗಿ ಹೋಯ್ತಲ್ಲ, ಹೇಗೆ? ಸಿಸ್ಟರ್ ಏನು ಮಾಡಿದ್ರು?"

ಗುಬ್ಬಿ ನನ್ನ ಕಡೆ ನೋಡಲೂ ಇಲ್ಲ. ಅವಳ ಕಣ್ಣು ಬೀಳುವ ಹನಿಯ ಮೇಲೇ ಇತ್ತು, ಮುಖ ಇಷ್ಟಗಲ ಅರಳಿತ್ತು.

"ಸಿಸ್ಟರ್ ಏನೂ ಮಾಡ್ಲಿಲ್ಲ ಮೇಡಂ. ನಾನೇ ಹಾಕಿದೆ."

ಒಂದೇಟು ಸಿಸ್ಟರ್ ಎಂದು ಯಾರು ಹೊಗಳಿದಾಗಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ. ಪರೀಕ್ಷಕಿ ನಸುನಕ್ಕು ಹಾಳೆಯಲ್ಲಿ ಅಂಕ ಬರೆಯತೊಡಗಿದರು. ನಾನು ಇಣುಕಲೂ ಹೋಗಲಿಲ್ಲ. ಪಾಸಾಗಿದ್ದೇನೆ ಎಂದು ಆಗಲೇ ಗೊತ್ತಾಗಿತ್ತು.