ನಮ್ಮನೆಯವರು

ತರಬೇತಿ ಮೈದಾನದಲ್ಲಿ ಆ ಮಹಿಳಾ ಸಾರ್ಜೆಂಟಿಗೆ 'ಗುಡುಗು' ಎಂದೇ ಹೆಸರು. ಆಕೆ ಒಮ್ಮೆ ಗದರಿದರೆ ಆಚೆಬದಿಯ ಅಡುಗೆಕೋಣೆಯಲ್ಲಿ ತರಕಾರಿ ಹೆಚ್ಚುವವರೂ ನೆಟ್ಟಗೆ ನಿಲ್ಲುತ್ತಿದ್ದರು. ಬೆನ್ನ ಹಿಂದೆ 'ಗಂಡುಬೀರಿ' ಎನ್ನುವವರೂ ಇದ್ದರು. ಕವಾಯತು ಕಲಿಸುವ ದನಿಗೂ ಮೀಸೆ ಇರಬೇಕೆಂದು ನಂಬಿದ ಜನ.

"ಮನೇಲೂ ಹೀಗೇನಾ ಸಾರ್ಜೆಂಟ್? ಪಾಪ, ನಿಮ್ಮನೆಯವರು ಬಾಯಿ ತೆಗೆಯೋ ಹಾಗೇ ಇಲ್ವೇನೋ" ಎಂದು ಜೊತೆಯವರು ಕೆಣಕುತ್ತಿದ್ದರು.

"ನಮ್ಮನೆಯವರು ಹಲ್ಲಿನ ಡಾಕ್ಟ್ರು. ಬಾಯಿ ತೆಗಿ ಅನ್ನೋದು ಅವರು, ತೆಗೆಯೋದು ನಾನು."

ಇದರಲ್ಲಿ ಸುಳ್ಳೇನೂ ಇರಲಿಲ್ಲ. 'ಮನೆಯವರು' ಎಂಬ ಮಾತಿಗೆ, 'ಅವರು' ಎಂಬ ಗೌರವಕ್ಕೆ, ಗಂಡು ಹೆಣ್ಣೆಂಬ ಭೇದವಿಲ್ಲ. ಅದಕ್ಕೆ ಗಂಡಸಿನ ಅಂಗಿ ತೊಡಿಸಿದ್ದು ಕೇಳಿದವರ ಕಿವಿ. ಇಷ್ಟು ವರ್ಷ ಆ ಅಂಗಿಯನ್ನು ಬಿಚ್ಚಲು ಆಕೆಯೂ ಹೋಗಿರಲಿಲ್ಲ.

ಈಗ ಬಡ್ತಿ ಬಂದಿತ್ತು. ಬಲಭುಜದ ಪಟ್ಟಿಯನ್ನು ಮೇಜರ್, ಎಡಭುಜದ್ದನ್ನು ಮನೆಯವರು ತೊಡಿಸುವುದು ಆ ಪಡೆಯ ಪದ್ಧತಿ. ಹಿಂದಿನ ದಿನ ಮೇಜರ್ ಆಕೆಯನ್ನು ಕರೆಸಿ ಕೇಳಿದರು: "ನಿಮ್ಮ ಯಜಮಾನ್ರ ಹೆಸರೇನಮ್ಮ? ಮೈಕಿನಲ್ಲಿ ಕರೀಬೇಕು."

"ಯಜಮಾನ್ರಿಲ್ಲ ಸರ್. ಮನೆಯವರು."

"ಎರಡೂ ಒಂದೇ ಅಲ್ವಾ?"

"ಅಲ್ಲ ಸರ್. ನಮ್ಮನೆಯವರು ಹೆಂಗಸು."

ಮೇಜರ್ ಚಹಾದ ಲೋಟವನ್ನು ಸುಮ್ಮನೆ ಅತ್ತಿತ್ತ ಸರಿಸಿದರು. ಕೆಟ್ಟ ಮನುಷ್ಯರಲ್ಲ, ನ್ಯಾಯಕ್ಕಿಂತ ನೆಮ್ಮದಿಯನ್ನು ಹೆಚ್ಚು ಪ್ರೀತಿಸುವವರು. ಅಂಥವರಿಂದಲೇ ಅನ್ಯಾಯಕ್ಕೆ ಇಷ್ಟೊಂದು ಆಯಸ್ಸು.

"ನೋಡಿ, ನನಗೇನೂ ಇಲ್ಲ. ಹುಡುಗರು ಆಡ್ಕೋತಾರೆ. ತಂಗಿ ಅಂತ ಕರೆಸಿಬಿಡ್ತೀನಿ. ಯಾರಪ್ಪನ ಗಂಟು ಹೋಗುತ್ತೆ?"

"ನನ್ನ ಗಂಟು ಸರ್."

"ಹಟ ಮಾಡಿದ್ರೆ ಬಡ್ತಿ ನಿಲ್ಲುತ್ತೆ."

"ನಿಲ್ಲಲಿ."

ಆದರೂ ಮರುದಿನ, ಮೇಜರ್ ಬಲಭುಜದ ಪಟ್ಟಿ ತೊಡಿಸಿದ ಕೂಡಲೇ ಧ್ವನಿವರ್ಧಕ ಕೂಗಿತು: "ಸಾರ್ಜೆಂಟರ ತಂಗಿ ವೇದಿಕೆಗೆ ಬರಬೇಕು."

ಅತಿಥಿಗಳ ಮುಂದಿನ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರು, ಕರೆದದ್ದು ಇನ್ಯಾರನ್ನೋ ಎಂಬಂತೆ, ಕೈಕಟ್ಟಿ ಕುಳಿತೇ ಇದ್ದರು. ಮತ್ತೊಮ್ಮೆ ಕೂಗಿತು. ಮೈದಾನದಲ್ಲಿ ನಿಂತಿದ್ದ ಪಡೆಯ ಸಾಲುಗಳಲ್ಲಿ ಗುಸುಗುಸು ಎದ್ದಿತು.

"ಬರೋಕೆ ಹೇಳ್ರೀ" ಎಂದು ಮೇಜರ್ ಹಲ್ಲು ಕಚ್ಚಿ ಪಿಸುಗುಟ್ಟಿದರು.

ಗುಡುಗಿಗೆ ಮೈಕಿನ ಹಂಗು ಎಂದೂ ಇರಲಿಲ್ಲ. "ನನಗೆ ತಂಗಿ ಇಲ್ಲ ಸರ್. ಅಲ್ಲಿ ಕೂತಿರೋರು ನಮ್ಮನೆಯವರು. ಡಾಕ್ಟ್ರೇ, ಬನ್ನಿ."

ಇಡೀ ಮೈದಾನಕ್ಕೆ ಕೇಳಿಸಿತು. ಡಾಕ್ಟರು ಮೆಟ್ಟಿಲೇರಿ ಬಂದರು. ಮೇಜರ್ ಪಟ್ಟಿಯಿದ್ದ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡರು. "ಇದು ಆಗೋ ಕೆಲಸ ಅಲ್ಲ."

ಆಕೆ ಬಲಭುಜದ ಪಟ್ಟಿಯನ್ನು ಬಿಚ್ಚಿ ಅದೇ ತಟ್ಟೆಯಲ್ಲಿಟ್ಟಳು. "ಹಾಗಾದ್ರೆ ಇದೂ ನಿಮ್ಮ ಹತ್ರಾನೇ ಇರ್ಲಿ ಸರ್. ಎರಡನ್ನೂ ಒಟ್ಟಿಗೆ ಕೊಡೋ ಧೈರ್ಯ ಬಂದಾಗ ಹೇಳಿ ಕಳ್ಸಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

"ನಕ್ಕೋರು ಮುಂದೆ ಬನ್ನಿ. ಎದುರಿಗೆ ನಿಂತು ನಗಿ" ಎಂದಳು. ಯಾರೂ ಕದಲಲಿಲ್ಲ. ಆಕೆ ಮೈದಾನಕ್ಕಿಳಿದು, ಪಟ್ಟಿಯಿಲ್ಲದ ಭುಜಗಳನ್ನು ಸೆಟೆಸಿ ನಿಂತು, ನಡಿಗೆಯ ಆಜ್ಞೆ ಕೊಟ್ಟಳು. ಅಷ್ಟೂ ಬೂಟುಗಳು ಒಂದೇ ಸದ್ದಾಗಿ ನೆಲಕ್ಕೆ ಬಿದ್ದವು.

ಡಾಕ್ಟರು ವೇದಿಕೆ ಇಳಿಯಲಿಲ್ಲ. ಮೇಜರರ ಪಕ್ಕದ ಖಾಲಿ ಕುರ್ಚಿಯನ್ನು ಎಳೆದುಕೊಂಡು, ಕವಾಯತು ನೋಡಲು ಮೈದಾನದತ್ತ ಮುಖಮಾಡಿ ಕುಳಿತರು.

"ಸ್ವಲ್ಪ ಜರುಗ್ತೀರಾ ಸರ್? ನೀವು ಅಡ್ಡ ಇದ್ದೀರಿ."